ಲಕ್ಯಾ ಕೆರೆಯಲ್ಲ: ಕುದುರೆಮುಖದ ನೀರಿನ ಬಗ್ಗೆ ಒಂದು ವಿನಂತಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಬಂದ, ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ನೋಡಬೇಕಾದ ಜಲಪಾತ ಮತ್ತು ಕೆರೆಗಳನ್ನು ಪರಿಚಯಿಸುವ ಬರಹವನ್ನು ನಾನು ಎರಡು ಬಾರಿ ಓದಿದೆ. ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಬೆಂಗಳೂರಿನ ಕುಟುಂಬಗಳು ವಾರಾಂತ್ಯಕ್ಕೆ ಎಲ್ಲಿಗೆ ಹೋಗೋಣವೆಂದು ಹುಡುಕುವ ಹೊತ್ತಿಗೆ ಸರಿಯಾಗಿ ಅದು ಪ್ರಕಟವಾಗಿದೆ. ಹನುಮನಗುಂಡಿ, ಕದಂಬಿ, ಸೋಮಾವತಿ, ಬಂಡಾಜೆ ಎಂದು ಜಲಪಾತಗಳ ಹೆಸರುಗಳನ್ನು ತಪ್ಪಿಲ್ಲದೆ ಕೊಟ್ಟಿದ್ದೀರಿ, ಚಿತ್ರಗಳೂ ಸೊಗಸಾಗಿವೆ. ಆದರೆ ಬರಹದ ಕೊನೆಯಲ್ಲಿ ಲಕ್ಯಾದ ನೀರಿನ ಚಿತ್ರವನ್ನು ಹಾಕಿ, ಅದನ್ನು ಬೆಟ್ಟಗಳ ಮಡಿಲಿನ ಪ್ರಶಾಂತ ಸರೋವರವೆಂದು ಕರೆದಿರುವುದು ಸರಿಯಲ್ಲ. ಅದು ಸರೋವರವಲ್ಲ, ಕೆರೆಯೂ ಅಲ್ಲ. ಕಬ್ಬಿಣದ ಅದಿರನ್ನು ಅರೆದು ಬೇಕಾದದ್ದನ್ನು ತೆಗೆದುಕೊಂಡ ಮೇಲೆ ಉಳಿದ ನುಣ್ಣನೆಯ ಕೆಸರನ್ನು ಹಿಡಿದಿಡಲೆಂದು ಕಟ್ಟಿದ ಅಣೆಕಟ್ಟಿನ ಹಿಂದೆ ನಿಂತ ನೀರು ಅದು. ಓದುಗರಿಗೆ ಈ ಒಂದು ವಿಷಯ ತಿಳಿಯದೆ ಹೋದರೆ, ಕುದುರೆಮುಖದ ಉಳಿದ ನೀರನ್ನೂ ಅವರು ಅರ್ಥ ಮಾಡಿಕೊಳ್ಳಲಾರರು ಎಂಬ ಕಾರಣಕ್ಕೆ ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷಗಳ ಕಾಲ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ತೊಂಬತ್ತರ ದಶಕದಲ್ಲಿ ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಧರ್ಮಸ್ಥಳ, ಹೊರನಾಡು, ಕಳಸ, ಶೃಂಗೇರಿಗಳ ಪ್ರವಾಸಕ್ಕೆ ಹೋಗಿದ್ದಾಗ ನಮ್ಮ ಬಸ್ಸು ಕುದುರೆಮುಖದ ಮೇಲೆ ಹಾದುಹೋಯಿತು. ದೂರದಿಂದ ಲಕ್ಯಾದ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಬಸ್ಸು ನಿಲ್ಲಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನೋಡಿ ಮಕ್ಕಳೇ, ಇಷ್ಟು ಎತ್ತರದಲ್ಲಿ ಎಷ್ಟು ದೊಡ್ಡ ಕೆರೆ ಎಂದು ನಾನೇ ತೋರಿಸಿದ್ದೆ. ಮಕ್ಕಳು ಅದನ್ನು ಪ್ರವಾಸದ ವರದಿಯಲ್ಲಿ ಹಾಗೆಯೇ ಬರೆದರು, ನಾನು ಅಂಕವನ್ನೂ ಕೊಟ್ಟೆ. ಅದು ಏನೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಗಣಿಗಾರಿಕೆಯ ಮೊಕದ್ದಮೆಯ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗಿದ ಮೇಲೆ. ಆ ಮಕ್ಕಳೆಲ್ಲ ಈಗ ನಲವತ್ತು ದಾಟಿದವರು, ತಮ್ಮ ಮಕ್ಕಳನ್ನು ಕಾರಿನಲ್ಲಿ ಅದೇ ರಸ್ತೆಯಲ್ಲಿ ಕರೆದೊಯ್ಯುತ್ತಿರುವವರು. ಅವರಲ್ಲಿ ಯಾರಾದರೂ ತಮ್ಮ ಪತ್ರಿಕೆಯನ್ನು ಓದುತ್ತಿದ್ದರೆ, ಅಂದು ನಾನು ಹೇಳಿದ್ದನ್ನು ಇಂದು ತಿದ್ದಿಕೊಳ್ಳಲಿ ಎಂಬುದೂ ಈ ಪತ್ರದ ಉದ್ದೇಶ.

ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಕೇಂದ್ರ ಸರ್ಕಾರದ ಉದ್ಯಮವಾಗಿ ಸ್ಥಾಪನೆಯಾದದ್ದು 1976ರಲ್ಲಿ. ಇರಾನಿನ ಹಣದ ನೆರವಿನಿಂದ, ಇರಾನಿಗೇ ಅದಿರನ್ನು ಕಳುಹಿಸುವ ಒಪ್ಪಂದದೊಂದಿಗೆ ಯೋಜನೆ ಆರಂಭವಾಯಿತು. 1979ರಲ್ಲಿ ಆ ದೇಶದಲ್ಲಿ ಕ್ರಾಂತಿಯಾಗಿ ಒಪ್ಪಂದ ಕುಸಿದುಬಿದ್ದರೂ ಗಣಿ ನಿಲ್ಲಲಿಲ್ಲ. ಅಲ್ಲಿನ ಅದಿರು ಬಳ್ಳಾರಿಯ ಅದಿರಿನಂತೆ ಕಬ್ಬಿಣದ ಅಂಶ ಹೆಚ್ಚಿರುವಂಥದ್ದಲ್ಲ. ಆದ್ದರಿಂದ ಗುಡ್ಡವನ್ನು ಒಡೆದು, ಕಲ್ಲನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕಲಸಿ, ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ಅದನ್ನು ರಾಡಿಯ ರೂಪದಲ್ಲಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಘಟ್ಟ ಇಳಿಸಿ ಮಂಗಳೂರಿಗೆ ಕಳುಹಿಸುತ್ತಿದ್ದರು. ಹೀಗೆ ಬೇರ್ಪಡಿಸಿದಾಗ ಕಬ್ಬಿಣಕ್ಕಿಂತ ಹೆಚ್ಚಾಗಿ ಉಳಿಯುವುದು ಕೆಸರು. ಆ ಕೆಸರನ್ನು ನೇರವಾಗಿ ಹೊಳೆಗೆ ಬಿಡುವಂತಿರಲಿಲ್ಲ. ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಕಟ್ಟೆಯನ್ನು ಕಟ್ಟಿ, ಇಡೀ ಕಣಿವೆಯನ್ನೇ ಕೆಸರಿನ ತೊಟ್ಟಿಯನ್ನಾಗಿ ಮಾಡಲಾಯಿತು. ಕೆಸರು ಕೆಳಗೆ ಕೂರುತ್ತದೆ, ತಿಳಿನೀರು ಮೇಲೆ ನಿಲ್ಲುತ್ತದೆ. ನಾವು ದೂರದಿಂದ ನೋಡಿ ಚಿತ್ರ ತೆಗೆದುಕೊಳ್ಳುವುದು ಆ ಮೇಲಿನ ತಿಳಿಯನ್ನು ಮಾತ್ರ. ಅದರಡಿಯಲ್ಲಿ ಒಂದು ಹೊಳೆ, ಅದರ ಎರಡೂ ದಡದ ಕಾಡು, ಒಂದು ಪೂರ್ತಿ ಕಣಿವೆ ಹೂತುಹೋಗಿದೆ.

ಈ ನಡುವೆ ಅದೇ ಬೆಟ್ಟಗಳ ಸಿಂಗಳೀಕಗಳನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಮೀಕ್ಷೆ ಮಾಡಿ ಆ ಕಾಡಿನ ಬೆಲೆಯನ್ನು ತೋರಿಸಿಕೊಟ್ಟಿದ್ದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಈ ಮೂರೂ ಜಿಲ್ಲೆಗಳಿಗೆ ಅದು ಹರಡಿಕೊಂಡಿದೆ. ಕಾಡಿನ ನಡುವೆ ಗಣಿ, ಗಣಿಯ ಸುತ್ತ ರಾಷ್ಟ್ರೀಯ ಉದ್ಯಾನ ಎಂಬ ಸ್ಥಿತಿ ಅಲ್ಲಿಂದ ಮುಂದೆ ಹದಿನೆಂಟು ವರ್ಷ ನಡೆಯಿತು. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಹೆಸರಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2002ರ ಅಕ್ಟೋಬರ್ 30ರ ತೀರ್ಪಿನಲ್ಲಿ ನ್ಯಾಯಾಲಯವು 2005ರ ಕೊನೆಯ ಹೊತ್ತಿಗೆ ಗಣಿಗಾರಿಕೆಯನ್ನು ಮುಗಿಸಬೇಕೆಂದು ಹೇಳಿತು. ಅದರಂತೆ ಗಣಿ ನಿಂತಿತು. ಭದ್ರೆಗೆ ಸೇರುತ್ತಿದ್ದ ಹೂಳು ಆ ಮೊಕದ್ದಮೆಯ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು. ಚಿಣ್ಣಪ್ಪನವರು 2024ರ ಫೆಬ್ರುವರಿಯಲ್ಲಿ ತೀರಿಕೊಂಡರು. ಕುದುರೆಮುಖದ ಜಲಪಾತದ ಎದುರು ನಿಂತು ಚಿತ್ರ ತೆಗೆಸಿಕೊಳ್ಳುವ ನಮ್ಮಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತಿದೆ ಎಂದು ನಾನು ಆಗಾಗ ಯೋಚಿಸುತ್ತೇನೆ.

ನೋಡಲು ಚೆನ್ನಾಗಿರುವ ನೀರೆಲ್ಲ ಆರೋಗ್ಯವಂತ ನೀರಲ್ಲ ಎಂಬುದನ್ನು ಬೆಂಗಳೂರಿನವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ನಾವು ಬಸ್ ನಿಲ್ದಾಣ ಕಟ್ಟಿಕೊಂಡಿದ್ದೇವೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣ ಕಟ್ಟಿಕೊಂಡಿದ್ದೇವೆ. ನಾನು ಬೆಳಿಗ್ಗೆ ನಡೆಯಲು ಹೋಗುವ ಕೆಂಪಾಂಬುಧಿ ಕೆರೆಯಲ್ಲಿ ಕೆಲವು ದಿನ ಬಿಸಿಲು ಏರುವ ಮೊದಲು ಬೆಳ್ಳಕ್ಕಿಗಳು ಸಾಲಾಗಿ ಕೂತಿರುವ ದೃಶ್ಯ ಮನಸ್ಸಿಗೆ ಹಿತ ಕೊಡುತ್ತದೆ, ಆದರೆ ಗಾಳಿ ತಿರುಗಿದರೆ ಮೂಗು ಮುಚ್ಚಿಕೊಂಡು ಹೆಜ್ಜೆ ಬೇಗ ಹಾಕಬೇಕಾಗುತ್ತದೆ. ಬೆಳ್ಳಂದೂರಿನ ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರುತ್ತಿದ್ದ ವರ್ಷಗಳಲ್ಲಿ ಅದರ ಚಿತ್ರವನ್ನು ಮಾತ್ರ ನೋಡಿದ ಹೊರಊರಿನ ನೆಂಟರೊಬ್ಬರು, ನಿಮ್ಮೂರಿನಲ್ಲಿ ಹಿಮ ಬೀಳುತ್ತದೆಯೇ ಎಂದು ನನ್ನನ್ನು ಕೇಳಿದ್ದರು. ಚಿತ್ರಕ್ಕೆ ವಾಸನೆಯಿಲ್ಲ, ಹಿಂದಿನ ಕಥೆಯೂ ಇಲ್ಲ. ಕಥೆಯನ್ನು ಹೇಳಬೇಕಾದದ್ದು ಚಿತ್ರದ ಕೆಳಗಿನ ಬರಹ. ತಮ್ಮ ಪುರವಣಿಯ ಚಿತ್ರದ ಕೆಳಗೆ ಇರಬೇಕಾಗಿದ್ದದ್ದು ಅದೇ.

ಕಳೆದ ವರ್ಷ ಅಕ್ಟೋಬರಿನ ಕೊನೆಯಲ್ಲಿ ಮಗಳು, ಅಳಿಯ ಮತ್ತು ಹನ್ನೊಂದು ವರ್ಷದ ಮೊಮ್ಮಗಳೊಂದಿಗೆ ನಾನು ಮತ್ತೆ ಕುದುರೆಮುಖಕ್ಕೆ ಹೋಗಿದ್ದೆ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ದಾರಿಯಾಗಿ ಕಳಸ ಸೇರಿ, ಅಲ್ಲಿ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಸಂಸೆಯ ಚಹಾ ತೋಟಗಳ ನಡುವೆ ಮೇಲೇರಿದೆವು. ಕಳಸದ ಬಳಿ ಭದ್ರೆಯ ಮಧ್ಯದಲ್ಲಿರುವ ಅಂಬುತೀರ್ಥದ ದೊಡ್ಡ ಬಂಡೆಯನ್ನು, ಮಧ್ವಾಚಾರ್ಯರು ಒಂದೇ ಕೈಯಲ್ಲಿ ಇಟ್ಟದ್ದೆಂಬ ಪ್ರತೀತಿಯ ಆ ಬಂಡೆಯನ್ನು, ಮೊಮ್ಮಗಳು ಬಹಳ ಹೊತ್ತು ನೋಡುತ್ತಾ ನಿಂತಿದ್ದಳು. ಅಷ್ಟು ದೊಡ್ಡ ಕಲ್ಲುಗಳ ನಡುವೆ ಇಷ್ಟೊಂದು ನೀರು ಎಲ್ಲಿಂದ ಬರುತ್ತದೆ, ಮಳೆ ನಿಂತು ಎಷ್ಟೋ ದಿನವಾಯಿತಲ್ಲ ತಾತ ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಮೇಲಿತ್ತು, ದಾರಿಯುದ್ದಕ್ಕೂ ತೋರಿಸುತ್ತಾ ಹೋದೆ.

ಕುದುರೆಮುಖದ ಬೆಟ್ಟಗಳನ್ನು ಮೊದಲ ಬಾರಿ ನೋಡುವವರಿಗೆ ಅವು ಬೋಳುಗುಡ್ಡಗಳಂತೆ ಕಾಣುತ್ತವೆ. ನೆತ್ತಿಯಿಂದ ಇಳಿಜಾರಿನವರೆಗೆ ಬರೀ ಹುಲ್ಲು. ಎರಡು ಇಳಿಜಾರುಗಳು ಕೂಡುವ ಮಡಿಕೆಗಳಲ್ಲಿ ಮಾತ್ರ ಕಡುಹಸಿರಿನ, ಗಿಡ್ಡ ಮರಗಳ ಒತ್ತಾದ ಕಾಡು. ಅದನ್ನೇ ಶೋಲಾ ಎನ್ನುತ್ತಾರೆ. ಇಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವಿನ ನಾಲ್ಕು ತಿಂಗಳಲ್ಲೇ. ಬೆಂಗಳೂರಿನಲ್ಲಿ ಏಳು ವರ್ಷಗಳಲ್ಲಿ ಬೀಳುವ ಮಳೆ ಅಲ್ಲಿ ಒಂದೇ ವರ್ಷದಲ್ಲಿ ಬೀಳುತ್ತದೆ ಎಂದರೆ ಓದುಗರಿಗೆ ಅಂದಾಜು ಸಿಗಬಹುದು. ಆ ನೀರೆಲ್ಲ ಸುರಿದ ದಿನವೇ ಹರಿದುಹೋದರೆ ಅಕ್ಟೋಬರಿನಲ್ಲಿ ಹೊಳೆಗಳು ಒಣಗಿರಬೇಕಿತ್ತು. ಹಾಗಾಗುವುದಿಲ್ಲ. ಹುಲ್ಲಿನ ಬೇರುಗಳ ದಟ್ಟ ಹೆಣಿಗೆ ಮಣ್ಣನ್ನು ಹಿಡಿದುಕೊಳ್ಳುತ್ತದೆ, ಮಳೆಯ ಹೊಡೆತವನ್ನು ತಾನು ತಿನ್ನುತ್ತದೆ, ನೀರನ್ನು ಒಳಗಿಳಿಸುತ್ತದೆ. ಶೋಲಾದ ನೆಲದಲ್ಲಿ ಎಲೆಗಳು ಕೊಳೆತು ಹಾಸಿಗೆಯಂತೆ ಮೆತ್ತಗಾಗಿರುವ ಮಣ್ಣು ಆ ನೀರನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಹನಿ ಝರಿಯಾಗುವುದು, ಝರಿ ಹಳ್ಳವಾಗುವುದು, ಹಳ್ಳ ಬಂಡೆಯ ಅಂಚಿಗೆ ಬಂದು ಅಬ್ಬಿಯಾಗುವುದು ಹೀಗೆ. ಬೆಟ್ಟದ ನೆತ್ತಿಯ ಹುಲ್ಲನ್ನು ಚಕ್ರದಡಿ ಹಾಕಿ ತುಳಿದವನು, ಆ ಹುಲ್ಲಿನ ಮೇಲೆ ಬೆಂಕಿ ಹಾಕಿ ಅಡುಗೆ ಮಾಡಿದವನು, ಕೆಳಗಿನ ಜಲಪಾತವನ್ನೇ ಕೆಡಿಸಿದಂತೆ. ಕುದುರೆಮುಖದ ನಿಜವಾದ ಕೆರೆ ಯಾವುದು ಎಂದು ಮೊಮ್ಮಗಳು ಕೇಳಿದ್ದರೆ ಆ ಬೋಳು ಇಳಿಜಾರನ್ನೇ ತೋರಿಸುತ್ತಿದ್ದೆ.

ಹನುಮನಗುಂಡಿಗೆ ನಾವು ತಲುಪಿದಾಗ ಬೆಳಿಗ್ಗೆ ಹತ್ತು ಗಂಟೆ. ಅದಕ್ಕೆ ಸೂತನಬ್ಬಿ ಎಂದೂ ಹೆಸರಿದೆ. ರಸ್ತೆಯ ಪಕ್ಕದಲ್ಲಿ ಟಿಕೆಟ್ ಪಡೆದು, ಕಾಡಿನೊಳಗೆ ಕೆಳಗಿಳಿಯುವ ಮೆಟ್ಟಿಲುಗಳ ಮೇಲೆ ಹೆಜ್ಜೆ ನೋಡಿಕೊಂಡು ಇಳಿಯಬೇಕು. ನನ್ನಂಥ ಮೊಣಕಾಲು ನೋವಿನವರಿಗೆ ಇಳಿಯುವುದಕ್ಕಿಂತ ಹತ್ತುವುದೇ ಸುಲಭ. ಮೆಟ್ಟಿಲು ಮುಗಿಯುವ ಮೊದಲೇ ಸದ್ದು ಎದೆಗೆ ತಾಗುತ್ತದೆ. ನೀರು ಒಂದೇ ಹಾರಿಗೆ ಕೆಳಗೆ ಬೀಳುವುದಿಲ್ಲ, ಹಂತಹಂತವಾದ ಬಂಡೆಗಳ ಮೇಲೆ ಬಡಿದು, ಒಡೆದು, ಮತ್ತೆ ಕೂಡಿಕೊಂಡು ಕೆಳಗಿನ ಗುಂಡಿಗೆ ಇಳಿಯುತ್ತದೆ. ಕೆಳಗಿನ ಹಂತದ ಬಂಡೆಯೊಂದರ ಬಿರುಕಿನಲ್ಲಿ ಹಸಿರು ಪಾಚಿಯ ನಡುವೆ ಒಂದು ಬೆರಳುದ್ದದ ಚಿಪ್ಸ್ ಪೊಟ್ಟಣದ ತುಂಡು ಸಿಕ್ಕಿಕೊಂಡಿತ್ತು. ಮೊಮ್ಮಗಳು ಅದನ್ನು ಎಳೆದು ತೆಗೆಯಲು ಬಾಗಿದಾಗ ಅಲ್ಲಿದ್ದ ಅರಣ್ಯ ಇಲಾಖೆಯ ವಾಚರ್ ಒಬ್ಬರು ಬೇಡ ಪುಟ್ಟಿ ಎಂದು ಕೈಹಿಡಿದು ನಿಲ್ಲಿಸಿದರು. ಆ ಬಂಡೆ ನೋಡಲು ಒಣಗಿದಂತಿದ್ದರೂ ಸೋಪು ಹಚ್ಚಿದಂತೆ ಜಾರುತ್ತದೆಂದು, ಪೊಟ್ಟಣವನ್ನು ತಾವೇ ಆಮೇಲೆ ಕೋಲಿನಲ್ಲಿ ತೆಗೆಯುವುದಾಗಿ ಹೇಳಿದರು.

ಆ ವಾಚರ್ ನಮಗೆ ಇನ್ನೊಂದು ಮಾತು ಹೇಳಿಕೊಟ್ಟರು. ನಾವು ನಿಂತ ಕಡೆ ಬಿಸಿಲು ಇತ್ತು, ಆದರೆ ಬೆಟ್ಟದ ಮೇಲೆ ಮೋಡ ಕಟ್ಟಿತ್ತು. ನೀರಿನ ಕಡೆ ಕೈ ತೋರಿಸಿ, ಸಾರ್, ಮೊದಲು ಎಲೆ ಬರುತ್ತದೆ, ಆಮೇಲೆ ಬಣ್ಣ ಬದಲಾಗುತ್ತದೆ, ಆಮೇಲೆ ನೀರು ಬರುತ್ತದೆ ಎಂದರು. ಮೇಲೆ ಜೋರು ಮಳೆ ಬಿದ್ದರೆ ಹಳ್ಳದ ಪಾತ್ರದಲ್ಲಿ ಬಿದ್ದಿದ್ದ ಒಣ ಎಲೆ, ಕಡ್ಡಿ, ಕಸ ಮೊದಲು ತೇಲಿ ಬರುತ್ತವೆ. ಸ್ವಲ್ಪ ಹೊತ್ತಿಗೆ ತಿಳಿನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಿಯೂ ನೀರಿನಲ್ಲಿ ನಿಂತವರಿಗೆ ದಡ ಸೇರಲು ಹೆಚ್ಚು ಸಮಯ ಉಳಿದಿರುವುದಿಲ್ಲ. ಪ್ರತಿ ಮಳೆಗಾಲದಲ್ಲೂ ಮಲೆನಾಡಿನ ಯಾವುದಾದರೊಂದು ಜಲಪಾತದಲ್ಲಿ ಬೆಂಗಳೂರಿನ ಯುವಕರು ಕೊಚ್ಚಿಹೋದ ಸುದ್ದಿಯನ್ನು ತಮ್ಮ ಪತ್ರಿಕೆಯೂ ಪ್ರಕಟಿಸುತ್ತದೆ. ಆ ಸುದ್ದಿ ಓದುವಾಗಲೆಲ್ಲ, ಈ ಮೂರು ವಾಕ್ಯಗಳನ್ನು ಅವರಿಗೆ ಯಾರಾದರೂ ಹೇಳಿದ್ದರೆ ಎಂದು ನನಗೆ ಅನ್ನಿಸದೆ ಇರುವುದಿಲ್ಲ. ಪುರವಣಿಯ ಬರಹದಲ್ಲಿ ಜಲಪಾತದ ಎತ್ತರ ಇತ್ತು, ಊಟದ ಹೋಟೆಲಿನ ವಿವರ ಇತ್ತು, ಇದು ಇರಲಿಲ್ಲ.

ಹೆಸರುಗಳಲ್ಲೇ ಎಚ್ಚರಿಕೆ ಇದೆ ಎಂಬುದನ್ನೂ ಇಲ್ಲಿ ಹೇಳಬೇಕು. ನಾವು ಪಠ್ಯಪುಸ್ತಕದಲ್ಲಿ ಜಲಪಾತ ಎನ್ನುವುದಕ್ಕೆ ಮಲೆನಾಡಿನವರು ಅಬ್ಬಿ ಎನ್ನುತ್ತಾರೆ, ಘಟ್ಟದ ಕೆಳಗಿನ ತುಳುವರು ಅರ್ಬಿ ಎನ್ನುತ್ತಾರೆ. ಬಂಡಾಜೆ ಅರ್ಬಿಯ ಹೆಸರು ಬಂದದ್ದು ಹಾಗೆ. ಆದರೆ ಹನುಮನಗುಂಡಿಯ ಹೆಸರಿನಲ್ಲಿ, ಆಗುಂಬೆಯ ಬಳಿಯ ಜೋಗಿಗುಂಡಿಯ ಹೆಸರಿನಲ್ಲಿ ಹಿರಿಯರು ಎತ್ತಿ ಹೇಳಿರುವುದು ಬೀಳುವ ನೀರನ್ನಲ್ಲ, ಬಿದ್ದ ನೀರು ಕೊರೆದ ಗುಂಡಿಯನ್ನು. ಅಲ್ಲಿ ಬಾಳಿದವರಿಗೆ ಯಾವುದು ಮುಖ್ಯವಾಗಿ ಕಂಡಿತ್ತೋ ಅದನ್ನೇ ಹೆಸರಿನಲ್ಲಿ ಇಟ್ಟುಹೋಗಿದ್ದಾರೆ. ನೂರಾರು ವರ್ಷ ನೀರು ಒಂದೇ ಕಡೆ ಬಿದ್ದು, ಕಲ್ಲುಗಳನ್ನು ತಿರುಗಿಸಿ ತಿರುಗಿಸಿ ಕೊರೆದ ಆ ಗುಂಡಿಗಳ ಆಳ ಮೇಲಿನಿಂದ ಕಾಣುವುದಿಲ್ಲ.

ಕದಂಬಿ ಜಲಪಾತದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅದು ರಸ್ತೆಯ ಪಕ್ಕದಲ್ಲೇ ಇದೆ, ಎತ್ತರವೂ ಕಡಿಮೆ, ವಯಸ್ಸಾದವರೂ ಚಿಕ್ಕ ಮಕ್ಕಳೂ ಕಾರಿನಿಂದ ಇಳಿದು ಎರಡು ನಿಮಿಷ ನೋಡಿ ಹೋಗಬಹುದು. ತೊಂದರೆ ಇರುವುದೂ ಅಲ್ಲೇ. ತಿರುವಿನಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ, ಕೆಲವರು ಕಾರಿನ ಬಾಗಿಲು ತೆರೆದಿಟ್ಟು ಹಾಡು ಹಾಕಿಕೊಳ್ಳುತ್ತಾರೆ, ನೀರಿನ ಸದ್ದು ಕೇಳುವುದಕ್ಕೇ ಬಂದವರಿಗೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿಸುತ್ತದೆ. ಅದು ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆ; ಚೆಕ್‌ಪೋಸ್ಟಿನಲ್ಲಿ ಸಮಯ ಬರೆದು ಚೀಟಿ ಕೊಡುವುದು, ಎಲ್ಲೆಂದರಲ್ಲಿ ನಿಲ್ಲಿಸಬೇಡಿ ಎನ್ನುವುದು ಅದಕ್ಕೇ. ನಾವು ನಿಂತಿದ್ದ ಹತ್ತು ನಿಮಿಷದಲ್ಲಿ ಶೋಲಾದ ಅಂಚಿನಿಂದ ಮಲಬಾರ್ ಸಿಳ್ಳಾರ ಹಕ್ಕಿಯ, ಶಾಲೆಯ ಹುಡುಗನೊಬ್ಬ ಮೈಮರೆತು ಹಾಕುವ ಸಿಳ್ಳೆಯಂತಿರುವ ಹಾಡು ಒಮ್ಮೆ ಕೇಳಿ ನಿಂತುಹೋಯಿತು. ಮೊಮ್ಮಗಳು ಇನ್ನೊಮ್ಮೆ ಕೇಳಲೆಂದು ಕಾದಳು. ಅಷ್ಟರಲ್ಲಿ ಪಕ್ಕದ ಗಾಡಿಯ ಹಾಡು ಶುರುವಾಯಿತು.

ಸೋಮಾವತಿ ಜಲಪಾತ ಇರುವುದು ಮುಳ್ಳೋಡಿಯ ಕಡೆ, ಕುದುರೆಮುಖ ಶಿಖರಕ್ಕೆ ಚಾರಣ ಹೋಗುವವರ ದಾರಿಯಲ್ಲಿ. ಸುಮಾರು 1890 ಮೀಟರ್ ಎತ್ತರದ ಆ ಶಿಖರಕ್ಕೆ ಹೋಗಿಬರಲು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ನನ್ನಿಂದ ಈಗ ಆಗದು, ಅಳಿಯ ಹೋಗಿಬಂದರು. ಒಂಟಿಮರ ದಾಟಿದ ಮೇಲೆ ಹುಲ್ಲುಗಾವಲು ತೆರೆದುಕೊಳ್ಳುವ ಜಾಗದ ಬಗ್ಗೆ, ದಾರಿಯಲ್ಲಿ ದಾಟಬೇಕಾದ ಹಳ್ಳಗಳ ತಣ್ಣನೆಯ ನೀರಿನ ಬಗ್ಗೆ ಅವರು ಹೇಳಿದ್ದನ್ನು ಕೇಳಿಯೇ ತೃಪ್ತಿಪಟ್ಟೆ. ಅವರ ಕಾಲಿಗೆ ಹತ್ತಿದ್ದ ಉಂಬಳಗಳನ್ನು ನಾವು ಸುಣ್ಣ ಮುಟ್ಟಿಸಿ ಬಿಡಿಸಿದೆವು. 2024ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತದ ತಪ್ಪಲಲ್ಲಿ ಸಾವಿರಾರು ಜನ ಒಮ್ಮೆಗೇ ಸೇರಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಅದರ ನಂತರ ಅರಣ್ಯ ಇಲಾಖೆ ಇಂಥ ಚಾರಣಗಳಿಗೆ ಮುಂಗಡವಾಗಿ ಆನ್‌ಲೈನಿನಲ್ಲೇ ಅನುಮತಿ ಪಡೆಯಬೇಕೆಂದು, ದಿನಕ್ಕೆ 300 ಜನರಿಗಿಂತ ಹೆಚ್ಚು ಬಿಡುವುದಿಲ್ಲವೆಂದು ಮಾಡಿತು. ಈ ಮಿತಿಯ ಬಗ್ಗೆ ನಮ್ಮ ನಗರದ ಎಷ್ಟೋ ಮಂದಿ ಗೊಣಗುವುದನ್ನು ಕೇಳಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಅದು ಹೆಚ್ಚೇ ಹೊರತು ಕಡಿಮೆಯಲ್ಲ. ಒಂದೇ ಕಾಲುದಾರಿಯಲ್ಲಿ ದಿನಕ್ಕೆ 300 ಜೊತೆ ಕಾಲು ತುಳಿದರೆ, ಒದ್ದೆ ನೆಲದಲ್ಲಿ ಹುಲ್ಲಿನ ಬೇರು ಕಿತ್ತು ದಾರಿಯೇ ಕಾಲುವೆಯಾಗುತ್ತದೆ, ಮುಂದಿನ ಮಳೆಗೆ ಅದೇ ಕಾಲುವೆಯಲ್ಲಿ ಮಣ್ಣು ಇಳಿಯುತ್ತದೆ. ಇನ್ನು ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಇರುವ ತಿಂಗಳುಗಳಲ್ಲಿ ಚಾರಣ ನಿಲ್ಲಿಸುವುದನ್ನಂತೂ ಯಾರೂ ಪ್ರಶ್ನಿಸಬಾರದು.

ಬಂಡಾಜೆ ಅರ್ಬಿಯನ್ನು ಬಲ್ಲಾಳರಾಯನ ದುರ್ಗದ ಕಡೆಯಿಂದ ನಡೆದು ಹೋಗಿ ಅದರ ನೆತ್ತಿಯಿಂದ ನೋಡಬಹುದು, ಬೇಸಿಗೆಗೆ ಅದು ಸೊರಗಿಹೋಗುತ್ತದೆ. ಸೀತಾ ನದಿಯ ಬರ್ಕಣ ಹಾಗೂ ಕೂಡ್ಲು ತೀರ್ಥಗಳು ಉದ್ಯಾನದ ಗಡಿಯೊಳಗೆ ಬರುವುದಿಲ್ಲ, ಆಗುಂಬೆ ಮತ್ತು ಸೋಮೇಶ್ವರ ವನ್ಯಜೀವಿ ಧಾಮದ ಕಡೆಗೆ ಸೇರಿದವು. ಆದರೆ 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ, ಸೋಮೇಶ್ವರ, ಆಗುಂಬೆಗಳನ್ನು ಒಂದೇ ಗುಂಪಾಗಿ ಎಣಿಸಿದೆ, ಏಕೆಂದರೆ ಕಾಡು ಒಂದಕ್ಕೊಂದು ಕೂಡಿಕೊಂಡಿದೆ. ಇವನ್ನೆಲ್ಲ ಎರಡು ದಿನದಲ್ಲಿ ಮುಗಿಸಿಬಿಡಬಹುದೆಂದು ನಮ್ಮ ನಗರದ ಪ್ರವಾಸ ಸಂಸ್ಥೆಯೊಂದು ನನ್ನ ಮಗಳಿಗೆ ಹೇಳಿತ್ತು. ಐದು ಜಲಪಾತ, ಎರಡು ರಾತ್ರಿ ಎಂಬ ಆ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಗಾಡಿಯಲ್ಲೇ ಕಳೆಯುವುದಿತ್ತು. ನಾವು ಒಪ್ಪಲಿಲ್ಲ, ಎರಡು ದಿನದಲ್ಲಿ ಎರಡು ನೀರನ್ನು ನೋಡಿ ಬಂದೆವು. ಹೋಗುವವರಿಗೆ ನಾನು ಹೇಳುವುದೂ ಅಷ್ಟೇ.

ಈ ನೀರಿಗೂ ಬೆಂಗಳೂರಿಗೂ ಏನು ಸಂಬಂಧ, ನಾವು ಕುಡಿಯುವುದು ಕಾವೇರಿಯನ್ನಲ್ಲವೇ ಎಂದು ಯಾರಾದರೂ ಕೇಳಬಹುದು. ಕುದುರೆಮುಖದ ಗಂಗಾಮೂಲದಲ್ಲಿ, ವರಾಹ ಪರ್ವತದ ತಪ್ಪಲಲ್ಲಿ, ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆಂಬುದು ನಾವು ಬಾಲ್ಯದಿಂದ ಕೇಳಿಬಂದ ಮಾತು. ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನ ಬಳಿ ಕಡಲು ಸೇರುತ್ತದೆ. ತುಂಗೆ ಶೃಂಗೇರಿಯ ದಾರಿ ಹಿಡಿಯುತ್ತಾಳೆ, ಭದ್ರೆ ಕಳಸದ ದಾರಿ ಹಿಡಿಯುತ್ತಾಳೆ, ಇಬ್ಬರೂ ಶಿವಮೊಗ್ಗದ ಬಳಿಯ ಕೂಡಲಿಯಲ್ಲಿ ಮತ್ತೆ ಭೇಟಿಯಾಗುತ್ತಾರೆ. ಭದ್ರೆಯ ನೀರಿನಲ್ಲಿ ದಾವಣಗೆರೆಯ ಗದ್ದೆಗಳು, ತುಂಗಭದ್ರೆಯ ನೀರಿನಲ್ಲಿ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳು ಬೆಳೆಯುತ್ತವೆ. ನಮ್ಮ ಮನೆಗೆ ಬರುವ ಸೋನಾ ಮಸೂರಿ ಅಕ್ಕಿಯ ಚೀಲದ ಮೇಲೆ ಗಂಗಾವತಿ ಎಂದು ಮುದ್ರಿಸಿರುವುದನ್ನು ಊರಿಗೆ ಮರಳಿದ ಮೇಲೆ ಮೊಮ್ಮಗಳಿಗೆ ತೋರಿಸಿದೆ. ಹನಿ ಹೊರಟ ಜಾಗ ನೋಡಿ ಬಂದಿದ್ದಳು, ಅದು ಬಂದು ತಲುಪಿದ ಜಾಗವೂ ಅವಳ ಅಡುಗೆಮನೆಯಲ್ಲೇ ಇತ್ತು.

ಲಕ್ಯಾವನ್ನು ನೋಡಬಾರದು ಎಂದು ನಾನು ಹೇಳುತ್ತಿಲ್ಲ. ನೋಡಲೇಬೇಕು ಎನ್ನುತ್ತೇನೆ, ಗೊತ್ತಿದ್ದು ನೋಡಬೇಕು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಜನರಿಂದ ತುಂಬಿದ್ದ ಕುದುರೆಮುಖದ ಊರಿನಲ್ಲಿ ಈಗ ಬಾಗಿಲು ಮುಚ್ಚಿದ ಮನೆಗಳ ಸಾಲು, ಹುಲ್ಲು ಬೆಳೆದ ಅಂಗಳಗಳು. ಅಲ್ಲಿ ಹುಟ್ಟಿ ಬೆಳೆದು ಬೇರೆ ಊರುಗಳಿಗೆ ಹೋದವರಿಗೆ ಆ ಊರು ತವರು. ಅವರ ನೋವನ್ನು ನಾನು ಹಗುರಾಗಿ ಕಾಣುವುದಿಲ್ಲ. ಗಣಿಯಲ್ಲಿ ದುಡಿದವರು ಯಾರ ವಿರುದ್ಧವೂ ತಪ್ಪು ಮಾಡಿದವರಲ್ಲ. ಆದರೆ ಆ ಊರು, ಮೆಟ್ಟಿಲುಮೆಟ್ಟಿಲಾಗಿ ಕಡಿದ ಗುಡ್ಡ, ಲಕ್ಯಾದ ಕಟ್ಟೆ ಇವೆಲ್ಲ ಸೇರಿ ಒಂದು ಪಾಠ. ಸಾವಿರಾರು ವರ್ಷದಲ್ಲಿ ಆದ ಮಣ್ಣನ್ನು ಕಾಲು ಶತಮಾನದಲ್ಲಿ ಕೆಳಗಿಳಿಸಿದರೆ ಏನುಳಿಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ನಮ್ಮ ರಾಜ್ಯದಲ್ಲಿ ಹೆಚ್ಚಿಲ್ಲ. ಕಟ್ಟೆಯ ಹಿಂದಿರುವ ಕೆಸರು ಅಲ್ಲೇ ಇರುತ್ತದೆ. ಆ ಕಟ್ಟೆಯನ್ನು ಪ್ರತಿ ಮಳೆಗಾಲದಲ್ಲೂ ಯಾರಾದರೂ ನೋಡಿಕೊಳ್ಳುತ್ತಲೇ ಇರಬೇಕಾಗುತ್ತದೆ, ನಮ್ಮ ಮೊಮ್ಮಕ್ಕಳ ಕಾಲದಲ್ಲಿಯೂ. ಗಣಿ ನಿಂತರೂ ಆ ಹೊಣೆ ನಿಂತಿಲ್ಲ ಎಂಬುದನ್ನು ಸರೋವರ ಎಂಬ ಒಂದು ಪದ ಮರೆಮಾಡಿಬಿಡುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಭಾನುವಾರದ ಪುರವಣಿಯಲ್ಲಿ, ಅದೇ ಪುಟದಲ್ಲಿ, ಲಕ್ಯಾದ ಚಿತ್ರದ ಕುರಿತು ಒಂದು ತಿದ್ದುಪಡಿಯನ್ನು ದಯವಿಟ್ಟು ಪ್ರಕಟಿಸಿ. ಅದರಲ್ಲಿ ಅದಿರಿನ ಕೆಸರಿನ ಅಣೆಕಟ್ಟು ಎಂಬ ಪದಗಳಿರಲಿ, 2005 ಎಂಬ ವರ್ಷವೂ ಇರಲಿ. ಜಲಪಾತಗಳ ಬಗ್ಗೆ ಮುಂದೆ ಬರೆಸುವಾಗ ಅನುಮತಿ ಎಲ್ಲಿ ಪಡೆಯಬೇಕು, ಯಾವ ತಿಂಗಳು ಹೋಗಬಾರದು, ಎಲೆ ತೇಲಿಬಂದರೆ ಏನು ಮಾಡಬೇಕು ಎಂಬುದಕ್ಕೂ ನಾಲ್ಕು ಸಾಲಿನ ಜಾಗ ಕೊಡಿ. ಅರಣ್ಯ ಇಲಾಖೆಯವರು ಈ ಪತ್ರವನ್ನು ಓದಿದರೆ, ಲಕ್ಯಾ ಕಾಣುವ ರಸ್ತೆಯ ತಿರುವಿನಲ್ಲಿ ಕನ್ನಡದಲ್ಲಿ ಒಂದು ಫಲಕವನ್ನು ನಿಲ್ಲಿಸಲಿ ಎಂದು ಅವರನ್ನೂ ಕೋರುತ್ತೇನೆ. ಕಣಿವೆ ಮೊದಲು ಹೇಗಿತ್ತು, ಹೊಳೆಯ ಹೆಸರೇನು, ಕಟ್ಟೆ ಏಕೆ ಬಂತು, ಗಣಿ ಯಾರ ಹೋರಾಟದಿಂದ ನಿಂತಿತು ಎಂಬುದು ಅದರಲ್ಲಿರಲಿ. ಶಾಲಾ ಪ್ರವಾಸದ ಬಸ್ಸುಗಳು ಈಗಲೂ ಆ ತಿರುವಿನಲ್ಲಿ ನಿಧಾನ ಮಾಡುತ್ತವೆ, ನಾನು ಹೋದ ದಿನವೂ ಒಂದು ಬಸ್ಸು ನಿಂತಿತ್ತು. ಅದರ ಪಕ್ಕದಲ್ಲಿ ಮೇಷ್ಟರೊಬ್ಬರು ಮಕ್ಕಳಿಗೆ ಆ ನೀರಿನ ಕಡೆ ಕೈ ತೋರಿಸುತ್ತಿದ್ದರು.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ,
ಹನುಮಂತನಗರ, ಬೆಂಗಳೂರು